ರಕ್ತ ಬರಲಿಲ್ಲ, ಅಳು ಬಂತು: ಮೊದಲ ಮಿಲನದ ನಂತರ ಮೈಗೆ, ಮನಸ್ಸಿಗೆ ಏನಾಗುತ್ತದೆ?

ಪ್ರಶ್ನೆ: ನನಗೆ 26 ವರ್ಷ. ಮದುವೆಯಾಗಿ ಎರಡು ತಿಂಗಳು ಆಗುತ್ತಾ ಬಂತು. ಗಂಡನ ಮನೆ ರಾಜಾಜಿನಗರ, ನನ್ನ ಕೆಲಸ ವೈಟ್‌ಫೀಲ್ಡ್‌ನಲ್ಲಿ. ಮದುವೆಗೆ ಮುಂಚೆ ನನಗೆ ಯಾರ ಜೊತೆಗೂ ದೈಹಿಕ ಸಂಬಂಧ ಇರಲಿಲ್ಲ. ಮೊದಲ ಸಲ ಸೇರಿದಾಗ ನೋವಾಯಿತು, ಆದರೆ ರಕ್ತ ಬರಲಿಲ್ಲ. ಗಂಡ ಏನೂ ಕೇಳಲಿಲ್ಲ. ಆದರೆ ಬೆಳಿಗ್ಗೆ ಅವರು ಹಾಸಿಗೆ ಕಡೆ ಒಮ್ಮೆ ನೋಡಿದ್ದನ್ನು ನಾನು ನೋಡಿದೆ. ಈಗ ನಾಲ್ಕು ದಿನದಿಂದ ಮೂತ್ರ ಮಾಡುವಾಗ ಉರಿ. ಬಿಳಿ ಸೆರಗು ಜಾಸ್ತಿ ಅನ್ನಿಸುತ್ತಿದೆ, ವಾಸನೆಯೂ ಬೇರೆ. ಮುಟ್ಟು ಆರು ದಿನ ತಡವಾಗಿದೆ. 'ಹೊರಗೇ ಬಿಟ್ಟಿದ್ದೀನಲ್ಲ, ಏನೂ ಆಗಿರಲ್ಲ' ಅನ್ನುತ್ತಾರೆ ಗಂಡ. ಅವರು ಒಳ್ಳೆಯವರೇ. ಆದರೂ ಸೇರಿದ ಮೇಲೆ ಕೆಲವೊಮ್ಮೆ ಕಾರಣವೇ ಇಲ್ಲದೆ ಅಳು ಬರುತ್ತದೆ. ಚಿಕ್ಕಮ್ಮನ ಮಗಳು 'ಎದೆ, ಸೊಂಟ ಎಲ್ಲ ದಪ್ಪ ಆಗುತ್ತೆ, ನಡಿಗೆ ನೋಡಿದ್ರೇ ಜನಕ್ಕೆ ಗೊತ್ತಾಗುತ್ತೆ' ಅಂದಳು. ನಿಜಕ್ಕೂ ಬ್ಲೌಸ್ ಬಿಗಿಯಾಗಿದೆ. ಕಾಲುಂಗುರ ಕೂಡ ಒತ್ತುತ್ತಿದೆ. ನನ್ನ ಮೈ ಬದಲಾಗಿಬಿಟ್ಟಿತಾ?

ಉತ್ತರ:

ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ಅದರಲ್ಲಿ ಎರಡಕ್ಕೆ ನಾಳೆಯೇ ಕೆಲಸ ಆಗಬೇಕು. ಮೊದಲು ಅದನ್ನು ಹೇಳಿಬಿಡುತ್ತೇನೆ. ಉಳಿದದ್ದು ನಿಧಾನವಾಗಿ.

ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ, ಮೊದಲ ಮೂತ್ರದಲ್ಲಿ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ. ಕಿಟ್ ಯಾವ ಮೆಡಿಕಲ್ ಶಾಪ್‌ನಲ್ಲಾದರೂ ಸಿಗುತ್ತದೆ, ಚೀಟಿ ಬೇಡ. ಗರ್ಭ ನಿಂತರೆ ಎಚ್‌ಸಿಜಿ ಅನ್ನುವ ಹಾರ್ಮೋನ್ ಮೂತ್ರದಲ್ಲಿ ಬರುತ್ತದೆ. ರಾತ್ರಿಯಿಡೀ ಕಟ್ಟಿದ ಮೂತ್ರದಲ್ಲಿ ಅದು ಹೆಚ್ಚು ಗಟ್ಟಿಯಾಗಿರುತ್ತದೆ. ಅದಕ್ಕೇ ಬೆಳಗಿನದು ಅನ್ನುವುದು. ಮುಟ್ಟು ಆರು ದಿನ ತಪ್ಪಿರುವುದರಿಂದ ಈಗ ಮಾಡಿದ ಟೆಸ್ಟನ್ನು ಬಹುಮಟ್ಟಿಗೆ ನಂಬಬಹುದು. ಕಿಟ್ ಮೇಲೆ ಬರೆದಿರುವ ಹೊತ್ತಿನೊಳಗೆ ಎರಡನೇ ಗೆರೆ ಬಂದರೆ, ಅದು ಮಸುಕಾಗಿದ್ದರೂ ಗರ್ಭ ಎಂದೇ ತಿಳಿದು ಡಾಕ್ಟರನ್ನು ನೋಡಿ. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಿ.

ಆ ಉತ್ತರ ಕೈಯಲ್ಲಿ ಹಿಡಿದುಕೊಂಡು ಉರಿಮೂತ್ರಕ್ಕೆ ಡಾಕ್ಟರ ಹತ್ತಿರ ಹೋಗಿ. ಈ ಕ್ರಮ ತಪ್ಪಿಸಬೇಡಿ. ಉರಿಮೂತ್ರಕ್ಕೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಬಸುರಿಯರಿಗೆ ಕೊಡುವುದಿಲ್ಲ. 'ನನಗೆ ಮುಟ್ಟು ಆರು ದಿನ ತಡ' ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಕೌಂಟರ್‌ನಲ್ಲಿ ಕೇಳಿ ಮಾತ್ರೆ ತಂದುಕೊಂಡರೆ ಈ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಮನೆಯ ಡ್ರಾಯರ್‌ನಲ್ಲಿ ಉಳಿದಿರುವ ಹಳೇ ಮಾತ್ರೆಯಂತೂ ಬೇಡವೇ ಬೇಡ.

ಈ ಉರಿ ಯಾಕೆ ಬಂತು ಅಂದರೆ, ಹೆಂಗಸರಲ್ಲಿ ಮೂತ್ರನಾಳ ಬಹಳ ಚಿಕ್ಕದು, ಸುಮಾರು 4 ಸೆಂಟಿಮೀಟರ್ ಅಷ್ಟೇ. ಅದರ ಬಾಯಿ ಯೋನಿಯ ಪಕ್ಕದಲ್ಲೇ ಇದೆ, ಮಲದ್ವಾರವೂ ದೂರವಿಲ್ಲ. ಮಲದ್ವಾರದ ಸುತ್ತ ಇರುವ ಇ-ಕೋಲೈ ಅನ್ನುವ ಬ್ಯಾಕ್ಟೀರಿಯಾ ಸೇರುವ ಹೊತ್ತಿನ ಒತ್ತಡಕ್ಕೆ, ಉಜ್ಜಾಟಕ್ಕೆ ಮೂತ್ರನಾಳದೊಳಗೆ ಹೋಗುತ್ತದೆ. ಹೊಸ ಮದುವಣಗಿತ್ತಿಯರಲ್ಲಿ ಇದು ಎಷ್ಟು ಕಾಣುತ್ತದೆ ಅಂದರೆ ಡಾಕ್ಟರುಗಳ ಮಾತಿನಲ್ಲಿ ಇದಕ್ಕೆ ಹನಿಮೂನ್ ಸಿಸ್ಟೈಟಿಸ್ ಎಂದೇ ಹೆಸರು ಬಿದ್ದಿದೆ. ನಿಮ್ಮ ಗಂಡ ಎಲ್ಲಿಂದಲೋ ಹತ್ತಿಸಿಕೊಂಡು ಬಂದ ರೋಗ ಅಲ್ಲ ಇದು. ನೀವು ಗಲೀಜು ಅಂತಲೂ ಅಲ್ಲ.

ಬೆಂಗಳೂರಿನ ಕೆಲಸದ ಹೆಣ್ಣುಮಕ್ಕಳಿಗೆ ಇದರ ಮೇಲೆ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ. ರಾಜಾಜಿನಗರದಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ನೇರಳೆ ಲೈನ್‌ನಲ್ಲಿ ವೈಟ್‌ಫೀಲ್ಡ್ ತನಕ ಹೋಗುವವರು ದಾರಿಯಲ್ಲಿ ಟಾಯ್ಲೆಟ್‌ಗೆ ಎಲ್ಲಿ ಹೋಗುವುದು ಅಂತ ನೀರೇ ಕುಡಿಯುವುದಿಲ್ಲ. ಸಂಜೆ ಮನೆಗೆ ಬಂದರೆ ಹೊಸ ಮನೆ, ಸೊಸೆ ಬಂದ ಕೂಡಲೇ ಬಾತ್‌ರೂಮಿಗೆ ಓಡಿದಳು ಅನ್ನಿಸಿಕೊಳ್ಳುವ ಮುಜುಗರ. ಹೀಗೆ ಕಟ್ಟಿ ಹಿಡಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನೀರು ಕುಡಿಯಿರಿ, ತಡೆಯಬೇಡಿ, ಸೇರಿದ ಮೇಲೆ ಎದ್ದು ಹೋಗಿ ಮೂತ್ರ ಮಾಡಿ ಬನ್ನಿ. ಎಳನೀರು, ಬಾರ್ಲಿ ನೀರು ಕುಡಿಯಲು ಅಡ್ಡಿಯಿಲ್ಲ. ಆದರೆ ಈಗಾಗಲೇ ನಾಲ್ಕು ದಿನದ ಉರಿ ಅದರಿಂದಲೇ ಹೋಗುತ್ತದೆ ಎಂದು ಕಾಯಬೇಡಿ. ಜ್ವರ, ಚಳಿ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಶುರುವಾದರೆ ಸೋಂಕು ಕಿಡ್ನಿಗೆ ಏರುತ್ತಿದೆ ಎಂದರ್ಥ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು 'ಹೊರಗೇ ಬಿಟ್ಟಿದ್ದೀನಿ' ಅನ್ನುವ ಮಾತು. ಇದನ್ನು ನಂಬಿ ಬರುವ ಜೋಡಿಗಳನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಒಂದು ವರ್ಷ ಇದೇ ಉಪಾಯದ ಮೇಲೆ ನಡೆಯುವ ನೂರು ಜೋಡಿಗಳಲ್ಲಿ ಸುಮಾರು 20 ಜೋಡಿಗೆ ಗರ್ಭ ನಿಲ್ಲುತ್ತದೆ. ವೀರ್ಯ ಹೊರಬರುವ ಮುಂಚೆ ಬರುವ ದ್ರವದಲ್ಲೂ ಕೆಲವರಿಗೆ ವೀರ್ಯಾಣು ಇರುತ್ತದೆ. ಹೊರಗೆ ತೆಗೆಯುವ ಹೊತ್ತಿನ ಲೆಕ್ಕವೂ ತಪ್ಪುತ್ತದೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಿರಬಲ್ಲದು. ಮೊದಲ ಸಲವೇ ಗರ್ಭ ನಿಲ್ಲಬಹುದಾ? ನಿಲ್ಲಬಹುದು. ಮೊದಲ ಸಲಕ್ಕೆ ದೇಹ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಹಾಗಂತ ತಡವಾದ ಮುಟ್ಟೆಲ್ಲ ಗರ್ಭವೂ ಅಲ್ಲ. ಒಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಮದುವೆ ದಿನ ಮುಟ್ಟು ಬರಬಾರದು ಅಂತ ಮುಂದೂಡುವ ಮಾತ್ರೆ ತೆಗೆದುಕೊಂಡಿದ್ದಿರಾ? ನಮ್ಮಲ್ಲಿ ಮುಹೂರ್ತ ಗೊತ್ತಾದ ಕೂಡಲೇ ಯಾರಾದರೂ ಅತ್ತೆಯೋ ಚಿಕ್ಕಮ್ಮನೋ ಆ ಮಾತ್ರೆಯ ಹೆಸರು ಹೇಳುತ್ತಾರೆ. ಅದು ನೋರೆಥಿಸ್ಟೆರೋನ್, ಹಾರ್ಮೋನ್ ಮಾತ್ರೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ. ಆದರೆ ಅದರ ಮುಂದಿನ ತಿಂಗಳ ಲೆಕ್ಕ ಏರುಪೇರಾಗಬಹುದು. ಇದರ ಜೊತೆ ಮದುವೆ ಓಡಾಟ, ನಿದ್ದೆಗೆಟ್ಟ ರಾತ್ರಿಗಳು, ಹೊಸ ಮನೆಯ ಚಿಂತೆ ಎಲ್ಲ ಸೇರಿ ಅಂಡ ಬಿಡುಗಡೆಯನ್ನೇ ಕೆಲವು ದಿನ ಹಿಂದೆ ತಳ್ಳುತ್ತವೆ. ಲೈಂಗಿಕ ಕ್ರಿಯೆಯೇ ಮುಟ್ಟಿನ ದಿನ ಬದಲಾಯಿಸುವುದಿಲ್ಲ. ಅದರ ಸುತ್ತ ನಡೆದದ್ದು ಬದಲಾಯಿಸುತ್ತದೆ.

ಟೆಸ್ಟ್‌ನಲ್ಲಿ ಗರ್ಭ ಎಂದು ಬಂದು, ಕೆಳಹೊಟ್ಟೆಯ ಒಂದೇ ಪಕ್ಕದಲ್ಲಿ ಜೋರು ನೋವು, ತಲೆಸುತ್ತು, ಭುಜದಲ್ಲಿ ನೋವು ಬಂದರೆ ತಡ ಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಗರ್ಭಕೋಶದ ಬದಲು ಅಂಡನಾಳದಲ್ಲಿ ಗರ್ಭ ನಿಂತಿರಬಹುದು. ಇದು ಅಪರೂಪ. ಆದರೂ ತಿಳಿದಿರಲಿ.

ಈಗ ರಕ್ತದ ವಿಷಯ. ಇಷ್ಟೆಲ್ಲ ಪ್ರಶ್ನೆಗಳ ಮಧ್ಯೆ ನಿಮಗೆ ನಿಜಕ್ಕೂ ನಿದ್ದೆಗೆಡಿಸಿರುವುದು ಇದೇ ಅನ್ನಿಸುತ್ತದೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬ ಹುಡುಗಿ ಬಂದಳು. ಕೊರಳಲ್ಲಿ ಅರಿಶಿನದ ದಾರ ಇನ್ನೂ ಹಳದಿಯಾಗೇ ಇತ್ತು. ಪಕ್ಕದಲ್ಲಿ ಅತ್ತೆ ಕೂತಿದ್ದರು. ನಾನು ಕೇಳಿದ ಪ್ರಶ್ನೆಗೆಲ್ಲ ಅತ್ತೆಯೇ ಉತ್ತರ ಕೊಟ್ಟರು. ಸೊಸೆ ಬಳೆ ತಿರುಗಿಸುತ್ತಾ ಕೂತಿದ್ದಳು. ಪರೀಕ್ಷೆ ಮಾಡಬೇಕು, ನೀವು ಹೊರಗೆ ಕೂತಿರಿ ಅಮ್ಮಾ ಎಂದೆ. ಬಾಗಿಲು ಹಾಕಿಕೊಂಡಿತು. ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಕೇಳಿದಳು: 'ಡಾಕ್ಟ್ರೇ, ನಂದು ಮುಂಚೇನೇ ಹರಿದಿತ್ತಾ? ನಾನೇನೂ ಮಾಡಿಲ್ಲ.'

ನಾನು ಚೀಟಿ ಹಿಂದೆ ಒಂದು ಚಿತ್ರ ಬರೆದು ತೋರಿಸಿದೆ. ಅಜ್ಜಿಯರ ಎಲೆಅಡಿಕೆ ಸಂಚಿ ನೋಡಿದ್ದೀಯಾ? ಅದರ ಬಾಯಿಯ ಹತ್ತಿರ ಬಟ್ಟೆ ನೆರಿಗೆ ನೆರಿಗೆಯಾಗಿ ಕೂತಿರುತ್ತದೆ. ದಾರ ಸಡಿಲ ಬಿಟ್ಟು ಎಳೆದರೆ ನೆರಿಗೆ ಬಿಚ್ಚಿಕೊಂಡು ಬಾಯಿ ಅಗಲವಾಗುತ್ತದೆ. ಬಿಟ್ಟರೆ ಮತ್ತೆ ಕೂತುಕೊಳ್ಳುತ್ತದೆ. ಯಾವ ಬಟ್ಟೆಯೂ ಹರಿಯುವುದಿಲ್ಲ. ಕನ್ಯಾಪೊರೆ ಅನ್ನುವುದು ಹೆಚ್ಚುಕಡಿಮೆ ಹಾಗೆ. ಅದು ಡೋಲಿಗೆ ಬಿಗಿದ ಚರ್ಮದ ಹಾಗೆ ಬಾಯಿ ಮುಚ್ಚಿ ಕೂತಿಲ್ಲ. ಹಾಗೆ ಮುಚ್ಚಿದ್ದರೆ ತಿಂಗಳ ಮುಟ್ಟು ಹೊರಗೆ ಬರುವುದಾದರೂ ಹೇಗೆ, ಅಲ್ವಾ? ಅದು ಯೋನಿಯ ಬಾಯಂಚಿನಲ್ಲಿ ಇರುವ ತೆಳ್ಳಗಿನ ಮಡಿಕೆ. ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಕೆಲವರಲ್ಲಿ ಅಗಲ, ಕೆಲವರಲ್ಲಿ ಇದ್ದೂ ಇಲ್ಲದಷ್ಟು. ಹರೆಯಕ್ಕೆ ಬಂದ ಮೇಲೆ ಈಸ್ಟ್ರೋಜನ್ ಹಾರ್ಮೋನ್‌ನಿಂದ ಅದು ಮೆತ್ತಗೆ, ಹಿಗ್ಗುವ ಹಾಗೆ ಆಗುತ್ತದೆ. ಮೊದಲ ಸಲ ಅದು ಹಿಗ್ಗಿಕೊಂಡರೆ ರಕ್ತ ಬರುವುದೇ ಇಲ್ಲ. ಅಂಚಿನಲ್ಲಿ ಒಂದು ಚೂರು ಬಿರುಕು ಬಿಟ್ಟರೆ ಎರಡು ಹನಿ ಬರಬಹುದು. ಎಷ್ಟೋ ಸಲ ಬರುವ ರಕ್ತವೂ ಈ ಪೊರೆಯದಲ್ಲ. ಅವಸರಕ್ಕೆ, ಒಣಗಿದ ಚರ್ಮ ಉಜ್ಜಿದ್ದಕ್ಕೆ ಬಂದದ್ದು.

ಆದ್ದರಿಂದ ರಕ್ತ ಬರದವರು ಬಹಳ ಜನ ಇದ್ದಾರೆ. ನೀವು ಅವರಲ್ಲಿ ಒಬ್ಬರು, ಅಷ್ಟೇ. ಸೈಕಲ್ ಹೊಡೆದೆನಾ, ಶಾಲೆಯಲ್ಲಿ ಕೊಕ್ಕೋ ಆಡಿದ್ದಕ್ಕಾ ಎಂದು ಹಿಂದಿನದನ್ನೆಲ್ಲ ಕೆದಕುವುದು ಬೇಡ. ನಿಮ್ಮ ಕಡೆಯಿಂದ ಯಾವ ಸಮಜಾಯಿಷಿಯೂ ಬೇಕಿಲ್ಲ.

ಒಬ್ಬ ಹೆಣ್ಣು ಮುಂಚೆ ಸೇರಿದ್ದಾಳಾ ಇಲ್ಲವಾ ಎಂದು ಪರೀಕ್ಷೆ ಮಾಡಿ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ನನಗೂ ಆಗುವುದಿಲ್ಲ. ಕನ್ಯತ್ವ ಪರೀಕ್ಷೆಗೆ ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲ, ಅದನ್ನು ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಅತ್ಯಾಚಾರದ ಕೇಸುಗಳಲ್ಲಿ ಎರಡು ಬೆರಳಿನ ಪರೀಕ್ಷೆ ಮಾಡಿದರೆ ಅದು ದುರ್ನಡತೆ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿದೆ. ಕೋರ್ಟು, ಡಾಕ್ಟರು ನೋಡಿ ಹೇಳಲಾಗದ್ದನ್ನು ಒಂದು ಹಾಸಿಗೆ ಬಟ್ಟೆ ಹೇಳುತ್ತದೆಯಾ?

ಗಂಡ ಹಾಸಿಗೆ ಕಡೆ ನೋಡಿದ್ದು ನಿಮಗೆ ಚುಚ್ಚಿದೆ. ಅವರು ಯಾಕೆ ನೋಡಿದರೋ ನಾನು ಊಹಿಸುವುದಿಲ್ಲ. ಗಂಡುಮಕ್ಕಳಿಗೂ ಈ ಪಾಠವನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ, ಹಾಸ್ಟೆಲ್ ಹರಟೆಯಲ್ಲಿ ಕಲಿತದ್ದೇ ಜಾಸ್ತಿ. 'ಅವತ್ತು ನೀವು ನೋಡಿದ್ದು ನನಗೆ ಬೇಜಾರಾಯ್ತು, ಈ ಡಾಕ್ಟರು ಹೀಗೆ ಬರೆದಿದ್ದಾರೆ ಓದಿ' ಎಂದು ಇದನ್ನೇ ಅವರ ಕೈಗೆ ಕೊಡಿ. ಒಳ್ಳೆಯವರು ಎಂದು ನೀವೇ ಬರೆದಿದ್ದೀರಿ, ಹಾಗಾಗಿ ಈ ಮಾತು ಆಡಬಹುದು. ಆದರೆ ಬೇರೆ ಮನೆಗಳಲ್ಲಿ ಇದೇ ರಕ್ತದ ಮಾತು ಅನುಮಾನವಾಗಿ, ಬೈಗುಳವಾಗಿ, ಹೊಡೆತವಾಗಿ ಬೆಳೆಯುವುದನ್ನೂ ನೋಡಿದ್ದೇನೆ. ಹಾಗೆ ಆಗುತ್ತಿರುವವರು ಇದನ್ನು ಓದುತ್ತಿದ್ದರೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮಾತಿನ ಹಿಂಸೆ, ಲೈಂಗಿಕ ಹಿಂಸೆ ಎರಡೂ ಸೇರುತ್ತವೆ. ಮಹಿಳಾ ಸಹಾಯವಾಣಿ 181.

ನೋವಿನ ಬಗ್ಗೆ ನೀವು ಒಂದೇ ಮಾತು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೊದಲ ಒಂದೆರಡು ಸಲ ಎಳೆದ ಹಾಗೆ, ಉರಿದ ಹಾಗೆ ಆಗುವುದು ಸಾಮಾನ್ಯ. ಆಮೇಲೆ ಒಂದೆರಡು ದಿನ ಕೂತರೆ ನೋಯಬಹುದು. ಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕೂತರೆ ಹಾಯ್ ಅನ್ನಿಸುತ್ತದೆ. ಆದರೆ 'ಮೊದಲು ನೋಯಲೇಬೇಕು, ತಡಕೋ' ಎಂದು ಹೇಳಿ ಕಳಿಸುವುದು ತಪ್ಪು. ಮನಸ್ಸು ಒಪ್ಪಿ, ದೇಹ ಸಿದ್ಧವಾದಾಗ ಯೋನಿಗೆ ರಕ್ತ ಹರಿದು, ಒಳಗೆ ತೇವ ಬಂದು, ಅದು ಉದ್ದವೂ ಅಗಲವೂ ಆಗುತ್ತದೆ. ಅದಕ್ಕೆ ಹೊತ್ತು ಬೇಕು. ಹತ್ತಾರು ಶಾಸ್ತ್ರ ಮುಗಿಸಿ, ಸೀರೆ ಭಾರ ಹೊತ್ತು, ಮಧ್ಯರಾತ್ರಿ ಆದ ಮೇಲೆ ಪಕ್ಕದ ಕೋಣೆಯಲ್ಲಿ ನೆಂಟರ ಮಾತು ಕೇಳಿಸುತ್ತಿರುವಾಗ ಯಾವ ದೇಹ ಸಿದ್ಧವಾಗುತ್ತದೆ? ಹೆದರಿಕೆಯಲ್ಲಿ ಯೋನಿಯ ಸುತ್ತಲಿನ ಸ್ನಾಯು ತಾನಾಗಿ ಬಿಗಿಯುತ್ತದೆ. ಬಿಗಿದ ಕಡೆ ನುಗ್ಗಿದರೆ ನೋವು. ಆ ನೋವು ನೆನಪಿಟ್ಟುಕೊಂಡು ಮುಂದಿನ ಸಲ ಇನ್ನೂ ಬಿಗಿಯುತ್ತದೆ.

ಅವಸರ ಬಿಡಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ನೀರಿನ ಅಂಶದ ಜೆಲ್ಲಿ ಬಳಸಿ. ಕೊಬ್ಬರಿ ಎಣ್ಣೆ ಬಳಸುವವರು ಬಹಳ ಇದ್ದಾರೆ, ಆದರೆ ಕಾಂಡೋಮ್ ಜೊತೆ ಎಣ್ಣೆ ಸೇರಿಸಬೇಡಿ. ಎಣ್ಣೆ ತಾಗಿದರೆ ಲೇಟೆಕ್ಸ್ ಹರಿಯುತ್ತದೆ. ಸೇರಲೇ ಆಗದಷ್ಟು ಬಿಗಿತ ಇದ್ದರೆ, ಪ್ರತಿ ಸಲವೂ ನೋವಾಗುತ್ತಿದ್ದರೆ, ಅದಕ್ಕೆ ವಜೈನಿಸ್ಮಸ್, ಅಂದರೆ ಯೋನಿಯ ಸ್ನಾಯು ತಾನಾಗಿ ಬಿಗಿದುಕೊಳ್ಳುವ ತೊಂದರೆ, ಕಾರಣ ಇರಬಹುದು. ಸ್ನಾಯು ಸಡಿಲಿಸುವ ವ್ಯಾಯಾಮ, ಕೌನ್ಸೆಲಿಂಗ್, ಹಂತಹಂತವಾಗಿ ಡೈಲೇಟರ್ (ಯೋನಿಯೊಳಗೆ ಇಟ್ಟು ಹಿಗ್ಗಿಸುವ ನಯವಾದ ಸಾಧನ) ಬಳಸಿ ಅಭ್ಯಾಸ, ಇವುಗಳಿಂದ ಬಹುತೇಕರಿಗೆ ಗುಣವಾಗುತ್ತದೆ. ಮೂರು ನಾಲ್ಕು ವರ್ಷ ಯಾರಿಗೂ ಹೇಳದೆ ನುಂಗಿಕೊಂಡು, ಕೊನೆಗೆ ಮಕ್ಕಳಾಗಿಲ್ಲ ಎಂದು ಬರುವ ಜೋಡಿಗಳಿವೆ. ಆ ವರ್ಷಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಇನ್ನು ರಕ್ತ ಬಂದವರಿಗೂ ಒಂದು ಮಾತು: ಎರಡು ಹನಿ, ಒಂದು ದಿನದ ಕಲೆ ಸರಿ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಹರಿದರೆ ಅದು ಗಾಯ, ಹೊಲಿಗೆ ಬೇಕಾಗಬಹುದು. ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಬಿಳಿ ಸೆರಗು, ವಾಸನೆ. ಯೋನಿಯ ಒಳಗೆ ಹುಳಿ ಗುಣ ಇರುತ್ತದೆ, ಪಿಎಚ್ 3.8ರಿಂದ 4.5. ಹಾಲಿಗೆ ಹೆಪ್ಪು ಹಾಕಿದಾಗ ಕೆಲಸ ಮಾಡುವ ಬ್ಯಾಕ್ಟೀರಿಯಾಗಳ ಬಳಗದವೇ ಅಲ್ಲಿ ಇದ್ದು ಕಾವಲು ಕಾಯುತ್ತವೆ. ವೀರ್ಯ ಕ್ಷಾರ ಗುಣದ್ದು. ಅದು ತಾಗಿದಾಗ ಈ ಹುಳಿ ಸ್ವಲ್ಪ ಹೊತ್ತು ಕಡಿಮೆಯಾಗಿ ವಾಸನೆ ಬದಲಾದ ಹಾಗೆ ಅನ್ನಿಸುತ್ತದೆ. ಆಮೇಲೆ ತಾನಾಗಿ ಸರಿಹೋಗುತ್ತದೆ. ಇದಕ್ಕೆ ಹೆದರಿ ಸೋಪು, ಆ್ಯಂಟಿಸೆಪ್ಟಿಕ್, ಜಾಹೀರಾತಿನ ವಾಶ್ ತಂದು ಒಳಗೆಲ್ಲ ತೊಳೆದರೆ ಆ ಕಾವಲಿನ ಬ್ಯಾಕ್ಟೀರಿಯಾ ಕೊಚ್ಚಿಹೋಗಿ ನಿಜವಾದ ಸೋಂಕು ಶುರುವಾಗುತ್ತದೆ. ಹೊರಗೆ ಬರೀ ನೀರು ಸಾಕು. ಮೊಸರು ಒಡೆದ ಹಾಗೆ ಸೆರಗು ಮತ್ತು ನವೆ, ಮೀನಿನ ವಾಸನೆ, ಹಸಿರು ಹಳದಿ ಬಣ್ಣ, ಗುಳ್ಳೆ, ಹುಣ್ಣು, ಇವು ಕಂಡರೆ ಮಾತ್ರ ತೋರಿಸಿ. ನೀವು ಹೇಗೂ ಉರಿಮೂತ್ರಕ್ಕೆ ಹೋಗುತ್ತೀರಲ್ಲ, ಇದನ್ನೂ ಅಲ್ಲೇ ಹೇಳಿಬಿಡಿ.

ಚಿಕ್ಕಮ್ಮನ ಮಗಳ ಮಾತಿಗೆ ಬರೋಣ. ಉದ್ರೇಕದ ಹೊತ್ತಿನಲ್ಲಿ ರಕ್ತ ಹರಿದು ಮೊಲೆ ಸ್ವಲ್ಪ ಉಬ್ಬುತ್ತದೆ, ತೊಟ್ಟು ಗಟ್ಟಿಯಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೊದಲಿನ ಹಾಗೇ ಆಗುತ್ತದೆ. ಸೇರಿದ್ದರಿಂದ ಮೊಲೆ ಬೆಳೆಯುವುದಿಲ್ಲ. ಸೊಂಟದ ಮೂಳೆ ಅಗಲವಾಗುವುದಿಲ್ಲ. ಯೋನಿ ಸಡಿಲವಾಗಿ ಉಳಿದುಬಿಡುವುದಿಲ್ಲ, ಸಂಚಿಯ ಮಾತು ನೆನಪಿಸಿಕೊಳ್ಳಿ. ನಡಿಗೆ ನೋಡಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನೋವಿದ್ದ ದಿನ ಸ್ವಲ್ಪ ಜೋಪಾನವಾಗಿ ನಡೆದಿರಬಹುದು, ಅಷ್ಟೇ.

ಹಾಗಾದರೆ ಬ್ಲೌಸ್ ಯಾಕೆ ಬಿಗಿಯಾಯಿತು? ನಮ್ಮ ಹುಡುಗಿಯರು ಫೋಟೋದಲ್ಲಿ ಚೆನ್ನಾಗಿ ಕಾಣಬೇಕೆಂದು ಮದುವೆಗೆ ಮುಂಚೆ ಎರಡು ತಿಂಗಳು ಊಟ ಬಿಟ್ಟಿರುತ್ತಾರೆ. ಟೈಲರ್ ಅದೇ ಅಳತೆಗೆ ಮೈಗೆ ಅಂಟಿದ ಹಾಗೆ ಹೊಲಿದಿರುತ್ತಾನೆ. ಆಮೇಲೆ ಬೀಗರ ಔತಣ, ಅಲ್ಲಿ ಹೋಳಿಗೆ, ಇಲ್ಲಿ ಚಿರೋಟಿ, ಹೋದಲ್ಲೆಲ್ಲ 'ಇನ್ನೊಂದು ಬಡಿಸಿ' ಅನ್ನುವ ಬಲವಂತ. ಬೆಳಗಿನ ವಾಕಿಂಗ್ ನಿಂತಿದೆ. ಎರಡು ಮೂರು ಕೆಜಿ ಏರುವುದಕ್ಕೆ ಇಷ್ಟು ಸಾಕು. ಜನ ಅದನ್ನೇ 'ಮೈ ತುಂಬಿಕೊಂಡಿದ್ದಾಳೆ, ಮದುವೆ ಕಳೆ' ಅನ್ನುತ್ತಾರೆ. ಅದರ ಜೊತೆ ಮುಟ್ಟಿಗೆ ಮುಂಚೆ ಎದೆ ಭಾರವಾಗುವುದು ಇದ್ದದ್ದೇ. ಗರ್ಭದ ಶುರುವಿನಲ್ಲೂ ಹಾಗೇ ಆಗುತ್ತದೆ. ಆ ಪ್ರಶ್ನೆಗೂ ನಾಳೆಯ ಟೆಸ್ಟೇ ಉತ್ತರ.

ಅಳುವಿನ ಬಗ್ಗೆ ಬರೆಯುವಾಗ ನೀವು 'ಅವರು ಒಳ್ಳೆಯವರೇ' ಎಂದು ಸೇರಿಸಿದ್ದೀರಿ, ಎಲ್ಲಿ ಅವರ ಮೇಲೆ ದೂರು ಹೇಳಿದ ಹಾಗಾಗುತ್ತದೋ ಅಂತ. ಇದು ದೂರಲ್ಲ. ಸುಖವಾಗಿ ಸೇರಿದ ಮೇಲೂ ಕೆಲವರಿಗೆ ಅಳು, ಖಾಲಿತನ, ಸಿಡುಕು ಬರುತ್ತದೆ. ಇದಕ್ಕೆ ವೈದ್ಯಕೀಯದಲ್ಲಿ ಹೆಸರೂ ಇದೆ, ಪೋಸ್ಟ್‌ಕಾಯ್ಟಲ್ ಡಿಸ್ಫೋರಿಯಾ. ಗಂಡಸರಿಗೂ ಆಗುತ್ತದೆ. ಸೇರುವಾಗ ಡೋಪಮೈನ್, ಆಕ್ಸಿಟೋಸಿನ್ ಏರುತ್ತವೆ, ಮುಗಿದ ಮೇಲೆ ಪ್ರೊಲ್ಯಾಕ್ಟಿನ್ ಏರುತ್ತದೆ, ಬಿಗಿದಿದ್ದ ಮೈ ಒಂದೇ ಸಲ ಸಡಿಲಾಗುತ್ತದೆ. ಆದರೆ ಹಾರ್ಮೋನ್ ಒಂದರ ಮೇಲೇ ಎಲ್ಲ ಹೊರಿಸಲು ನನಗೆ ಮನಸ್ಸಿಲ್ಲ. ಇಪ್ಪತ್ತೈದು ವರ್ಷ ಹುಡುಗರ ಜೊತೆ ನಿಂತು ಮಾತಾಡಿದರೂ ತಪ್ಪು ಎಂದು ಬೆಳೆಸುತ್ತೇವೆ. ಆಮೇಲೆ ಒಂದು ರಾತ್ರಿ, ಕೋಣೆಗೆ ಹೂವು ಕಟ್ಟಿ, ಕೈಗೆ ಬಾದಾಮಿ ಹಾಲು ಕೊಟ್ಟು, ಈಗ ಎಲ್ಲ ಸರಿ ಅನ್ನುತ್ತೇವೆ. ಅಷ್ಟು ವರ್ಷದ ನಾಚಿಕೆ, ಅಪರಾಧ ಭಾವ ಒಂದು ಲೋಟ ಹಾಲಿಗೆ ಕರಗುವುದಿಲ್ಲ. ಅದರ ಮೇಲೆ ತವರು ಬಿಟ್ಟ ದುಃಖ. ಹಗಲೆಲ್ಲ ಹೊಸ ಮನೆಯಲ್ಲಿ ನಗುತ್ತಾ ಇರಬೇಕು. ಇಡೀ ದಿನದಲ್ಲಿ ನೀವು ಎಚ್ಚರ ಬಿಟ್ಟು ಹಗುರಾಗುವುದು ಅದೊಂದೇ ಹೊತ್ತಿನಲ್ಲಿ. ತಡೆದ ಕಣ್ಣೀರು ಅಲ್ಲಿ ಬರುತ್ತದೆ.

ಕೆಲವರಿಗೆ ಉಲ್ಟಾ. ತುಂಬಾ ಹತ್ತಿರವಾದ ಹಾಗೆ, ಅವರು ಆಫೀಸಿಗೆ ಹೋದರೂ ಸಂಕಟವಾಗುವ ಹಾಗೆ ಆಗುತ್ತದೆ. ಕೆಲವರಿಗೆ 'ಇಷ್ಟೇನಾ?' ಅನ್ನಿಸುತ್ತದೆ. ಅದೂ ಸಹಜ. ಬರೀ ಒಳಗೆ ಸೇರುವುದರಿಂದಲೇ ಹೆಚ್ಚಿನ ಹೆಂಗಸರಿಗೆ ತೃಪ್ತಿ ಸಿಗುವುದಿಲ್ಲ, ಯೋನಿಯ ಬಾಯಿಗಿಂತ ಮೇಲಿರುವ ಚಂದ್ರನಾಡಿ (ಕ್ಲಿಟೊರಿಸ್) ಅನ್ನುವ ಪುಟ್ಟ ಭಾಗಕ್ಕೆ ಸ್ಪರ್ಶ ಬೇಕು. ಇದನ್ನು ಗಂಡನಿಗೆ ಹೇಳಿದರೆ ತಪ್ಪಿಲ್ಲ. ಅಳು ಬಂದಾಗ ಗೋಡೆ ಕಡೆ ತಿರುಗಿ ಮಲಗಬೇಡಿ. 'ನಿಮ್ಮಿಂದ ಅಲ್ಲ, ಸುಮ್ನೆ ಹೀಗಾಗುತ್ತೆ, ಸ್ವಲ್ಪ ಹೊತ್ತು ಹಿಡ್ಕೊಳ್ಳಿ' ಅನ್ನಿ. ಇವತ್ತು ಬೇಡ ಅನ್ನಿಸಿದರೆ ಬೇಡ ಅನ್ನಿ. ಮದುವೆಯಾದ ಮಾತ್ರಕ್ಕೆ ಆ ಮಾತು ನಿಮ್ಮ ಬಾಯಿಂದ ಹೋಗಬೇಕಿಲ್ಲ.

ಯಾವಾಗ ಇದು ಬರೀ ಅಳು ಅಲ್ಲ? ಹಗಲಿನಲ್ಲೂ ಮನಸ್ಸು ಕುಗ್ಗಿ, ನಿದ್ದೆ ಊಟ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ದಾಟಿದರೆ. ಮುಟ್ಟಿದರೇ ಮೈ ಮರಗಟ್ಟಿದರೆ, ಹಿಂದೆ ಚಿಕ್ಕವಯಸ್ಸಿನಲ್ಲಿ ಆದ ಯಾವುದೋ ಕೆಟ್ಟ ಅನುಭವ ಕಣ್ಣಿಗೆ ಕಟ್ಟಿದರೆ. ಬದುಕೇ ಬೇಡ ಅನ್ನಿಸಿದರೆ. ಆಗ ಒಬ್ಬರೇ ಇಟ್ಟುಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೇರವಾಗಿ ತೋರಿಸಬೇಕೆಂದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ.

ಟೆಸ್ಟ್‌ನಲ್ಲಿ ಗರ್ಭ ಇಲ್ಲ ಎಂದು ಬಂದು, ಸದ್ಯಕ್ಕೆ ಮಗು ಬೇಡ ಅನ್ನುವುದಾದರೆ, ಹೊರಗೆ ಬಿಡುವ ಉಪಾಯ ಇವತ್ತಿಗೇ ಸಾಕು ಮಾಡಿ. ಕಾಂಡೋಮ್ ಇದೆ. ದಿನಾ ತೆಗೆದುಕೊಳ್ಳುವ ಮಾತ್ರೆ ಇದೆ. ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರ ಇಂಜೆಕ್ಷನ್ ಇದೆ. ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ ಇದೆ, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅಂತರ, ಛಾಯಾ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕೆ.ಆರ್. ಮಾರ್ಕೆಟ್ ಹತ್ತಿರದ ವಾಣಿವಿಲಾಸ ಆಸ್ಪತ್ರೆಯಲ್ಲಿ ಕೇಳಬಹುದು. ನಿಮ್ಮ ವಾರ್ಡಿನ ಸರ್ಕಾರಿ 'ನಮ್ಮ ಕ್ಲಿನಿಕ್'ನಲ್ಲಿ ಕೇಳಿದರೆ ದಾರಿ ಹೇಳುತ್ತಾರೆ. ಕಾಂಡೋಮ್ ಹರಿದರೆ, ಲೆಕ್ಕ ತಪ್ಪಿದರೆ, 72 ಗಂಟೆಯೊಳಗೆ ತುರ್ತು ಮಾತ್ರೆ. ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಅದು ಗರ್ಭಪಾತದ ಮಾತ್ರೆ ಅಲ್ಲ, ಅಂಡ ಬಿಡುಗಡೆಯನ್ನು ಮುಂದೂಡುತ್ತದೆ. ಅದನ್ನೇ ತಿಂಗಳಿಗೆ ಎರಡು ಮೂರು ಸಲ ನುಂಗುತ್ತಾ ಹೋದರೆ ಮುಟ್ಟಿನ ಲೆಕ್ಕವೇ ತಪ್ಪುತ್ತದೆ. ಆಗ ಪ್ರತಿ ತಿಂಗಳೂ ನಿಮಗೆ ಇದೇ ಆತಂಕ.

ಮದುವೆಯಾಗದೆ ಇದನ್ನು ಓದುತ್ತಿರುವವರೂ ಇದ್ದಾರೆ, ನನಗೆ ಗೊತ್ತು. ಡಾಕ್ಟರು 'ಮದುವೆ ಆಗಿದೆಯಾ?' ಎಂದು ಕೇಳಿದರೆ ಎಷ್ಟೋ ಜನರ ಪ್ರಶ್ನೆಯ ಅರ್ಥ 'ಸಂಬಂಧ ಇದೆಯಾ?' ಎಂದು. 'ಮದುವೆ ಆಗಿಲ್ಲ, ಸಂಬಂಧ ಇದೆ' ಎಂದು ನೇರವಾಗಿ ಹೇಳಿ. ಸುಳ್ಳು ಹೇಳಿದರೆ ಔಷಧಿ ತಪ್ಪಾಗುತ್ತದೆ. 18 ದಾಟಿದವರಿಗೆ ಅಪ್ಪ ಅಮ್ಮನ ಸಹಿ ಬೇಕಿಲ್ಲ. ಗರ್ಭಪಾತದ ಕಾಯ್ದೆಯಲ್ಲಿ ಹೆಸರು ಗುಟ್ಟಾಗಿಡಬೇಕೆಂಬ ನಿಯಮವಿದೆ, ಗರ್ಭಪಾತಕ್ಕೆ ಮದುವೆಯಾದವರಷ್ಟೇ ಹಕ್ಕು ಮದುವೆಯಾಗದವರಿಗೂ ಇದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಮುಖ ಗಂಟಿಕ್ಕುವ ಡಾಕ್ಟರು ಸಿಕ್ಕರೆ ಬೇರೆ ಡಾಕ್ಟರನ್ನು ಹುಡುಕಿ. ಈ ಊರಲ್ಲಿ ಸಿಗುತ್ತಾರೆ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸಿದ್ದೀರಾ? ಸಂಬಂಧ ಶುರುವಾಗುವ ಮುಂಚೆ, 9ರಿಂದ 14 ವಯಸ್ಸಿನಲ್ಲಿ ಹಾಕಿಸಿದರೆ ಹೆಚ್ಚು ಗುಣ. ಆದರೆ 26ರಲ್ಲೂ ತಡವಾಗಿಲ್ಲ. ಗರ್ಭ ಇಲ್ಲ ಎಂದು ಖಚಿತವಾದ ಮೇಲೆ ಕೇಳಿ, ಬಸುರಿಯರಿಗೆ ಅದನ್ನು ಹಾಕುವುದಿಲ್ಲ.

ಡಾಕ್ಟರ ಹತ್ತಿರ ಒಬ್ಬರೇ ಹೋಗಿ, ಇಲ್ಲವೇ ಗಂಡನ ಜೊತೆ ಹೋಗಿ. ಅತ್ತೆ ಬರುತ್ತೇನೆ ಎಂದರೆ ಬರಲಿ, ಒಳಗೆ ಮಾತ್ರ ನೀವೊಬ್ಬರೇ ಮಾತಾಡಿ. ಕೊನೆಯ ಮುಟ್ಟಿನ ತಾರೀಖು ಬರೆದುಕೊಂಡು ಹೋಗಿ.

ಕಾಲುಂಗುರ ಒತ್ತುತ್ತಿದೆ ಎಂದಿರಿ. ಮುಟ್ಟು ಹತ್ತಿರವಾದಾಗ ಮೈಯಲ್ಲಿ ನೀರು ನಿಂತು ಕೈಕಾಲು ಬೆರಳು ಸ್ವಲ್ಪ ಊದಿಕೊಳ್ಳುತ್ತವೆ. ದಿನಾ ಶೂ ಹಾಕಿ ಮೆಟ್ರೋದಲ್ಲಿ ನಿಂತು ಹೋಗುವವರಿಗೆ ಇನ್ನೂ ಜಾಸ್ತಿ. ಸಾಮಾನ್ಯವಾಗಿ ಬೆಳ್ಳಿ ಉಂಗುರದ ಹಿಂದೆ ಬಿರುಕು ಬಿಟ್ಟಿರುತ್ತಾರೆ, ಸೋಪು ನೀರು ಹಚ್ಚಿ ನಿಧಾನವಾಗಿ ಅಗಲಿಸಿದರೆ ಸಡಿಲವಾಗುತ್ತದೆ. ಚರ್ಮ ಕೆಂಪಾಗಿದ್ದರೆ ಎರಡು ದಿನ ತೆಗೆದಿಡಿ. ಮನೆಯಲ್ಲಿ ಯಾರಾದರೂ ಕೇಳಿದರೆ, ಕಾಲು ಊದಿದೆ, ಡಾಕ್ಟರು ತೆಗೆದಿಡಲು ಹೇಳಿದ್ದಾರೆ ಅನ್ನಿ.